ಕೆರೆದಂಡೆಯ ಕುದುರೆ ಮತ್ತು ಒಂದು ಪಾಕೀಟು ಹುರಳಿ

ಹೋದ ತಿಂಗಳು ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಹುಡುಗಿ ಬಂದು, "ಆಂಟಿ, ನಾನು ವೆಟ್ ಸ್ಕೂಲ್ ಮುಗಿಸ್ತಾ ಇದೀನಿ. ಹಾರ್ಸ್ ಪ್ರಾಕ್ಟೀಸ್ ಜಾಯಿನ್ ಆಗ್ಬೇಕು ಅಂತಿದೆ. ಹೇಗಿರತ್ತೆ ಕೆಲಸ?" ಎಂದು ಕೇಳಿದಳು. ನನ್ನ ಕೈಯಲ್ಲಿ ತಟ್ಟೆ, ಹಿಂದೆ ಹಸಿದವರ ಸಾಲು. "ಚಲೋ ಇರ್ತೈತವ್ವ, ಬೂಟು ಗಟ್ಟಿ ಇರಬೇಕು ಅಷ್ಟ" ಎಂದು ಹೇಳಿ ಬಿಸಿಬೇಳೆಭಾತಿನ ಕಡೆ ಸರಿದೆ. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಸಾಲದೆನಿಸಿತು. ಪಾಪ, ಅವಳು ನಿಜವಾಗಿಯೇ ಕೇಳಿದ್ದಳು. ಆದ್ದರಿಂದ ಇದು ಅವಳಿಗೂ, ಅವಳಂತೆ ಈ ಕೆಲಸಕ್ಕೆ ಕಾಲಿಡುವವರಿಗೂ. ನನಗೆ ಸಿಕ್ಕ ಬಡ್ತಿ, ಫಲಕ, ಶಾಲು ಇತ್ಯಾದಿಗಳ ಸುದ್ದಿ ಇದರಲ್ಲಿಲ್ಲ. ಅವನ್ನು ಓದಿದರೆ ನಿಮಗೆ ನಿದ್ದೆ ಬರುತ್ತದೆ, ಬರೆದರೆ ನನಗೆ ಬರುತ್ತದೆ.

ನಾನು ಗದಗಿನ ಕಡೆಯವಳು, ಹೆಸರು ಶಾಂತಾ. ಪಶುವೈದ್ಯ ಓದಿ, ಊರ ಕಡೆ ಕೆಲವು ವರ್ಷ ಎಮ್ಮೆ ಎತ್ತುಗಳ ಸೇವೆ ಮಾಡಿ, ಎಂಜಿನಿಯರ್ ಗಂಡನ ಜೊತೆ ಅಟ್ಲಾಂಟಾಕ್ಕೆ ಬಂದೆ. ಇಲ್ಲಿನ ಪರೀಕ್ಷೆಗಳನ್ನೆಲ್ಲ ಬರೆದು ಮುಗಿಸುವಷ್ಟರಲ್ಲಿ ತೊಂಬತ್ತರ ದಶಕ ಶುರುವಾಗಿತ್ತು. ಕೆಲಸ ಸಿಕ್ಕಿದ್ದು ಅಲ್ಫರೆಟಾದಲ್ಲಿ ಬರೀ ಕುದುರೆಗಳನ್ನು ನೋಡುತ್ತಿದ್ದ ಹ್ಯಾಂಕ್ ಎಂಬ ಹಿರಿಯ ಡಾಕ್ಟರ ಹತ್ತಿರ. ಈಗಿನ ಅಲ್ಫರೆಟಾ ನೋಡಿದವರು ಇದನ್ನು ನಂಬುವುದು ಕಷ್ಟ. ಆಗ ಜಿಎ-400 ಹೆದ್ದಾರಿಯಿಂದ ಇಳಿದು ಸ್ವಲ್ಪ ಒಳಗೆ ಹೋದರೆ ಬಿಳಿ ಬೇಲಿ, ಹುಲ್ಲುಗಾವಲು, ಬೇಲಿಗೆ ಕತ್ತು ಚಾಚಿ ನಿಂತ ಕುದುರೆಗಳು. ಆ ಹುಲ್ಲುಗಾವಲುಗಳು ಒಂದೊಂದಾಗಿ ಮನೆಗಳ ಸಾಲೆದ್ದು ಸಬ್‌ಡಿವಿಷನ್‌ಗಳಾದದ್ದನ್ನು, ಅವುಗಳಿಗೆ ಬೆಂಗಳೂರು ಮೈಸೂರಿನ ನಮ್ಮ ಸಾಫ್ಟ್‌ವೇರ್ ಮಂದಿ ಬಂದು ಸೇರಿದ್ದನ್ನು ನಾನು ಟ್ರಕ್ಕಿನ ಕಿಟಕಿಯಿಂದ ನೋಡಿದ್ದೇನೆ.

ವಾರಾಂತ್ಯ ಬಂದರೆ ಕುದುರೆಯವರು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಟ್ರೇಲರಿಗೆ ಕುದುರೆ ಹತ್ತಿಸಿಕೊಂಡು ಉತ್ತರ ಜಾರ್ಜಿಯಾದ ಗುಡ್ಡಗಳ ಕಡೆ, ಇಲ್ಲವೇ ಗಡಿ ದಾಟಿ ದಕ್ಷಿಣ ಕೆರೊಲಿನಾದ ಸರೋವರಗಳ ದಂಡೆಗೆ ಹೋಗುತ್ತಿದ್ದರು. ಅಲ್ಲಿ ಕುದುರೆಗಳಿಗೆಂದೇ ಮಾಡಿದ ಕ್ಯಾಂಪುಗಳಿದ್ದವು. ಒಂದು ಬದಿ ಗುಡಾರ, ಒಲೆ, ಕುರ್ಚಿ. ಇನ್ನೊಂದು ಬದಿ ಎರಡು ಮರಗಳ ನಡುವೆ ತಲೆಗಿಂತ ಎತ್ತರಕ್ಕೆ ಬಿಗಿದ ಹಗ್ಗ, ಅದಕ್ಕೆ ಕಟ್ಟಿದ ಕುದುರೆಗಳು. ಬೆಳಿಗ್ಗೆ ಪಾರ್ಕಿನ ಕಾಡುದಾರಿಗಳಲ್ಲಿ ಸವಾರಿ, ಮಧ್ಯಾಹ್ನ ಕೆರೆಯಲ್ಲಿ ಕುದುರೆಗಳ ಸ್ನಾನ, ಸಂಜೆ ಬೆಂಕಿಯ ಸುತ್ತ ಹರಟೆ. ಇಷ್ಟರ ನಡುವೆ ಯಾವುದಾದರೂ ಕುದುರೆಗೆ ಏನಾದರೂ ಆಗಿಯೇ ಆಗುತ್ತಿತ್ತು. ಹ್ಯಾಂಕ್‌ಗೆ ಮಂಡಿ ನೋವು. ಹಾಗಾಗಿ ಶನಿವಾರ ಭಾನುವಾರದ ಕ್ಯಾಂಪುಗಳು ಹೊಸಬಳಾದ ನನ್ನ ಪಾಲಿಗೆ ಬಂದವು. ನಮ್ಮ ಮನೆಯವರು ಆ ವರ್ಷಗಳಲ್ಲಿ ವಾರಾಂತ್ಯದ ಅಡುಗೆ ಕಲಿತರು. ಇಂದಿಗೂ ಅವರ ಜುಣಕ ನನ್ನದಕ್ಕಿಂತ ಚೆನ್ನಾಗಿರುತ್ತದೆ.

ಮೊದಲ ಕ್ಯಾಂಪಿನ ಕಥೆಯನ್ನು ಮೊದಲೇ ಹೇಳಿಬಿಡುತ್ತೇನೆ. ಎಮ್ಮೆ ನೋಡಿದ ಕೈ ನನ್ನದು. ಎಮ್ಮೆಯ ಹಿಂದೆ ನೇರವಾಗಿ ನಿಂತು ಬಾಲ ಹಿಡಿದು ತಿರುಚಿದರೆ ಅದು ಸುಮ್ಮನಿರುತ್ತದೆ. ದನ ಒದ್ದರೂ ಪಕ್ಕಕ್ಕೆ ಒದೆಯುತ್ತದೆ. ಕುದುರೆ ನೇರ ಹಿಂದಕ್ಕೆ ಒದೆಯುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಕೈಗೆ ಅದು ಗೊತ್ತಿರಲಿಲ್ಲ. ಕೆರೆಯ ಅಂಚಿನಲ್ಲಿ ನಿಂತಿದ್ದ ಒಂದು ಹೆಣ್ಣುಕುದುರೆಯ ಹಿಂದೆ ನಿಂತು ರೂಢಿಯಂತೆ ಬಾಲಕ್ಕೆ ಕೈ ಹಾಕಿದೆ. ಮುಂದಿನ ಗಳಿಗೆ ನಾನು ಮೊಣಕಾಲುದ್ದ ನೀರಿನಲ್ಲಿ ಕೂತಿದ್ದೆ. ಪುಣ್ಯಕ್ಕೆ ಒದೆತ ಬಿದ್ದದ್ದು ಹೆಗಲಿನಲ್ಲಿದ್ದ ಚರ್ಮದ ಚೀಲಕ್ಕೆ. ಕ್ಯಾಂಪಿನವರೆಲ್ಲ ಓಡಿ ಬಂದು ಎಬ್ಬಿಸಿ, ಟವೆಲ್ ಕೊಟ್ಟು, ಕಾಫಿ ಕುಡಿಸಿದರು. ಅಲ್ಲಿಯವರೆಗೆ ನನ್ನನ್ನು ಅನುಮಾನದಿಂದ ನೋಡುತ್ತಿದ್ದವರು ಅಂದಿನಿಂದ ನನ್ನವರಾದರು. ಹ್ಯಾಂಕ್‌ಗೆ ಹೇಳಿದಾಗ ಅವರು ನಗಲಿಲ್ಲ. "ಮುರಿದಿಲ್ಲ ತಾನೇ? ಸರಿ, ಇನ್ನು ಯಾವತ್ತೂ ಮರೆಯುವುದಿಲ್ಲ" ಎಂದಷ್ಟೇ ಹೇಳಿ ಮುಂದಿನ ವಾರಾಂತ್ಯದ ಚೀಟಿ ಕೈಗಿಟ್ಟರು.

ಹ್ಯಾಂಕ್ ಮಾತು ಕಡಿಮೆಯ ಮನುಷ್ಯ. ಬೈದರೂ ಹವಾಮಾನ ಹೇಳುವ ದನಿಯಲ್ಲೇ ಬೈಯುತ್ತಿದ್ದರು. ಅವರಿಂದ ನಾನು ಸೂಜಿ, ಟ್ಯೂಬು, ಹೊಲಿಗೆಗಳನ್ನು ಕಲಿತೆ. ಅದನ್ನು ಬೇರೆ ಯಾರಿಂದಲೂ ಕಲಿಯಬಹುದಿತ್ತು. ಅವರಿಂದಲೇ ಕಲಿಯಬೇಕಾಗಿದ್ದದ್ದು ಇನ್ನೊಂದು. ಅದನ್ನು ಕಲಿಸಿದ್ದು ಒಂದು ಪಿಕ್ನಿಕ್ ಟೇಬಲ್.

ಯಾರೋ ಒಬ್ಬ ಹಲ್ಲಿನ ಡಾಕ್ಟರು ಹೊಸದಾಗಿ ಕುದುರೆ ಕೊಂಡು ಕ್ಯಾಂಪಿಗೆ ಬಂದವರು ಅದನ್ನು ಎತ್ತರದ ಹಗ್ಗಕ್ಕೆ ಕಟ್ಟದೆ ಪಕ್ಕದಲ್ಲಿದ್ದ ಮರದ ಟೇಬಲ್ಲಿಗೆ ಕಟ್ಟಿದ್ದರು. ಒಂದು ಬಾತುಕೋಳಿ ಹಾರಿದ್ದಕ್ಕೆ ಕುದುರೆ ಬೆದರಿತು. ಎಳೆದಾಗ ಟೇಬಲ್ ಹಿಂದೆಯೇ ಬಂತು. ಟೇಬಲ್ ಬೆನ್ನು ಹತ್ತಿತೆಂದು ಕುದುರೆ ಇನ್ನೂ ಬೆದರಿ ಓಡಿತು. ನಾಲ್ಕಾರು ಗುಡಾರ, ಒಂದು ಒಲೆ, ಯಾರದೋ ಪ್ಯಾನ್‌ಕೇಕ್ ಎಲ್ಲ ನೆಲಸಮ. ಕುದುರೆಯ ಕಾಲಿಗೆ ದೊಡ್ಡ ಗಾಯ. ನಾನು ಹೋಗಿ, "ಯಾವುದಕ್ಕೆ ಕಟ್ಟಿದ್ದಿರಿ?" ಎಂದು ಕೇಳಿದರೆ ಹಲ್ಲಿನ ಡಾಕ್ಟರು ಕಟ್ಟೇ ಇರಲಿಲ್ಲ ಎಂದರು. ಕುದುರೆಯ ಕತ್ತಿನಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಟೇಬಲ್ಲಿನ ಕಾಲು. ಆದರೂ ಕಟ್ಟಿರಲಿಲ್ಲ. ನನಗೆ ಸಿಟ್ಟು ಬಂದು ವಾದಕ್ಕೆ ನಿಂತೆ. ಗಾಯದೊಳಗೆ ಸಿಕ್ಕಿಕೊಂಡ ಚೂರು ಹಲಗೆಯದೋ ಮೊಳೆಯದೋ ಎಂದು ತಿಳಿಯುವುದಕ್ಕೆ ನನಗೆ ನಿಜ ಬೇಕಿತ್ತು. ಆತ ಕೊನೆಯವರೆಗೆ ಹೇಳಲಿಲ್ಲ.

ಸೋಮವಾರ ಹ್ಯಾಂಕ್ ಎಲ್ಲ ಕೇಳಿಸಿಕೊಂಡು ಹೇಳಿದರು: "ನೋವು ಎಲ್ಲಿದೆ ಎಂದು ಕುದುರೆ ತಾನೇ ಹೇಳುತ್ತದೆ. ಹೇಗಾಯಿತು ಎಂದು ಮನುಷ್ಯರು ಹೇಳಬೇಕು. ನೀನು ಪೊಲೀಸರ ದನಿಯಲ್ಲಿ ಕೇಳಿದರೆ ಅವರು ಕಳ್ಳರ ಉತ್ತರ ಕೊಡುತ್ತಾರೆ. ಇನ್ನೊಂದು ಮಾತು. ಕುದುರೆಯ ತಲೆ ಹಿಡಿದುಕೊಂಡವರನ್ನು ಕೇಳಬೇಡ. ಎಲ್ಲರಿಗಿಂತ ದೂರ ನಿಂತು ಕಾಫಿ ಲೋಟ ತಿರುಗಿಸುತ್ತಿರುತ್ತಾನಲ್ಲ, ಅವನಿಗೆ ಗೊತ್ತಿರುತ್ತದೆ." ನನ್ನ ಇಡೀ ವೃತ್ತಿಯಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದ ಪಾಠ ಇನ್ನೊಂದಿಲ್ಲ.

ಆಗಿನ ಕೆಲಸದ ರೀತಿಯೇ ಬೇರೆ ಇತ್ತು ಎಂಬುದನ್ನೂ ಹೇಳಬೇಕು. ಸೊಂಟದಲ್ಲಿ ಪೇಜರ್. ಅದು ಕೂಗಿದರೆ ಎಲ್ಲಾದರೂ ಪೆಟ್ರೋಲ್ ಬಂಕ್ ಹುಡುಕಿ ಅಲ್ಲಿನ ಫೋನಿಗೆ ನಾಣ್ಯ ಹಾಕಬೇಕು. ಮುಂದೆ ಸೆಲ್‌ಫೋನ್ ಬಂದರೂ ಆ ಗುಡ್ಡಗಳ ಸಂದಿಯಲ್ಲಿ ಅದಕ್ಕೆ ಜೀವ ಇರುತ್ತಿರಲಿಲ್ಲ. ಹೊಟ್ಟೆನೋವು ಬಂದ ಕುದುರೆಯನ್ನು ಸುಸ್ತಾಗಿ ಬೀಳುವವರೆಗೆ ನಡೆಸುವುದು, ಬಾಟಲಿಯಿಂದ ಗಂಟಲಿಗೆ ಔಷಧಿ ಸುರಿಯುವುದು, ಇಂಥ ಹಳೆಯ ಪದ್ಧತಿಗಳು ಇನ್ನೂ ಇದ್ದವು. ಅವನ್ನು ಬಿಡಿಸುವುದರಲ್ಲೇ ನನ್ನ ಅರ್ಧ ಶಕ್ತಿ ಹೋಯಿತು.

ಒಂದು ಪದ್ಧತಿಯನ್ನು ಮಾತ್ರ ನಾನೇ ಶುರು ಮಾಡಿದೆ ಎಂದು ಜಂಬದಿಂದ ಹೇಳಿಕೊಳ್ಳಬಲ್ಲೆ. ಕುದುರೆ ಪರಸ್ಥಳದ ನೀರು ಕುಡಿಯುವುದಿಲ್ಲ. ಎದುರಿಗೆ ಇಡೀ ಸರೋವರ ಇದ್ದರೂ ಮೂಸಿ ಮುಖ ತಿರುಗಿಸುತ್ತದೆ. ಕುಡಿಯದಿದ್ದರೆ ತಿಂದದ್ದು ಕರುಳಿನಲ್ಲಿ ಗಟ್ಟಿಯಾಗಿ ಪ್ರಾಣಕ್ಕೆ ಬರುತ್ತದೆ. ಇಲ್ಲಿನವರು ಸೇಬಿನ ರಸ ಬೆರೆಸುತ್ತಿದ್ದರು. ನಾನು ಡಿಕೇಟರಿನ ಇಂಡಿಯನ್ ಅಂಗಡಿಯಿಂದ ಬೆಲ್ಲ ತಂದು, ಹೊರಡುವುದಕ್ಕೆ ಕೆಲವು ದಿನ ಮೊದಲೇ ಮನೆಯ ನೀರಿನಲ್ಲಿ ಒಂದಿಷ್ಟು ಕರಗಿಸಿ ರೂಢಿ ಮಾಡಿಸಿ ಎಂದು ಹೇಳತೊಡಗಿದೆ. ಆಮೇಲೆ ಯಾವ ಕೆರೆಯ ನೀರಿಗೂ ಅದೇ ರುಚಿ ಬರುತ್ತದೆ, ಕುದುರೆ ಕುಡಿಯುತ್ತದೆ. ಬೆಲ್ಲಕ್ಕೆ ಅವರು "ಶಾಂತಾಳ ಕಂದು ಕಲ್ಲು" ಎಂದು ಹೆಸರಿಟ್ಟರು. ಉಡುಗೊರೆಗೆ ವೈನ್ ಬಾಟಲಿ ತರುವ ನಾಡಿನಲ್ಲಿ ನಾನು ಬೆಲ್ಲದ ಅಚ್ಚು ಹಂಚುತ್ತ ತಿರುಗಿದೆ.

ಈಗ ನಾನು ಹೇಳಬೇಕೆಂದಿರುವ ಪ್ರಕರಣಕ್ಕೆ ಬರುತ್ತೇನೆ. ಮೇಲಿನದೆಲ್ಲ ಇದಕ್ಕೆ ಪೀಠಿಕೆ ಅಂತಲೇ ತಿಳಿದುಕೊಳ್ಳಿ.

ರೂತ್ ಎಂಬ ಹೆಂಗಸು ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ತನ್ನ ಹುಲ್ಲುಗಾವಲಿನ ಹೆಚ್ಚಿನ ಭಾಗ ಮಾರಿ, ಹಿಂದಿನ ಸ್ವಲ್ಪ ಜಾಗದಲ್ಲಿ ಬಿಸ್ಕಿಟ್ ಎಂಬ ಒಂದೇ ಕುದುರೆ ಇಟ್ಟುಕೊಂಡಿದ್ದಳು. ಕಂದು ಬಣ್ಣದ, ಬಹಳ ವಯಸ್ಸಾದ, ಬಹಳ ಸಾಧು ಕುದುರೆ. ಮಾರಿದ ಜಾಗದಲ್ಲಿ ಎದ್ದ ಮನೆಗಳಲ್ಲಿ ಒಂದನ್ನು ಕೊಂಡವರು ಮೈಸೂರಿನ ನಾಗರಾಜ್, ಸಾಫ್ಟ್‌ವೇರ್ ಕೆಲಸದವರು. ಅವರ ಮಗಳು ಮೇಧಾಗೆ ಆಗ ಹನ್ನೆರಡು ವರ್ಷ. ಶಾಲೆಯಲ್ಲಿ ಹೆಚ್ಚು ಗೆಳತಿಯರಿಲ್ಲದ, ಮಾತು ಕಡಿಮೆಯ ಹುಡುಗಿ. ಹಿತ್ತಲ ಬೇಲಿಯ ಆಚೆ ಕುದುರೆ ಇರುವುದು ಅವಳಿಗೆ ಸಿಕ್ಕ ದೊಡ್ಡ ಭಾಗ್ಯ. ರೂತ್ ಅವಳಿಗೆ ಮೈ ಉಜ್ಜುವುದು, ಗೊರಸು ಸ್ವಚ್ಛ ಮಾಡುವುದು, ಆಮೇಲೆ ಸವಾರಿ ಎಲ್ಲ ಕಲಿಸಿದಳು. ಒಂದೇ ಕಟ್ಟಳೆ: ಬಿಸ್ಕಿಟ್‌ಗೆ ರೂತ್ ಹೊರತು ಬೇರೆ ಯಾರೂ ಏನೂ ತಿನ್ನಿಸಕೂಡದು. ಅವನ ಹಲ್ಲುಗಳು ಸವೆದುಹೋಗಿದ್ದವು. ಅವನ ಮೇವನ್ನೆಲ್ಲ ಅವಳು ನೀರಿನಲ್ಲಿ ನೆನೆಸಿ ಗಂಜಿ ಮಾಡಿ ಕೊಡುತ್ತಿದ್ದಳು. ಕಟ್ಟಳೆ ಮುರಿದರೆ ಅಂದಿಗೇ ಕುದುರೆಯ ಸಹವಾಸ ಮುಗಿಯಿತು ಎಂದು ಮೊದಲ ದಿನವೇ ಹೇಳಿದ್ದಳು. ಮೇಧಾ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಳು.

ಒಂದು ಅಕ್ಟೋಬರಿನಲ್ಲಿ ರೂತ್ ಆ ಇಡೀ ಕುಟುಂಬವನ್ನು ದಕ್ಷಿಣ ಕೆರೊಲಿನಾದ ಕೆರೆದಂಡೆಯ ಕ್ಯಾಂಪಿಗೆ ಕರೆದಳು. ಮೇಧಾಳ ಮೊದಲ ಕ್ಯಾಂಪ್. ನಾನು ಶನಿವಾರ ಮಧ್ಯಾಹ್ನ ಅಲ್ಲಿಗೆ ಬೇರೆ ಕುದುರೆಯೊಂದರ ಕಣ್ಣು ನೋಡಲು ಹೋಗಿದ್ದೆ. ನಾಗರಾಜರ ಹೆಂಡತಿ ಉಮಾ ನನ್ನನ್ನು ನೋಡಿ ಕನ್ನಡದವಳೆಂದು ತಿಳಿದು ಚಿತ್ರಾನ್ನದ ತಟ್ಟೆ ಕೊಟ್ಟರು. ಎರಡು ತುತ್ತು ತಿಂದಿರಬೇಕು, ಹಗ್ಗದ ಕಡೆಯಿಂದ ರೂತ್ ನನ್ನ ಹೆಸರು ಕೂಗಿದಳು.

ಬಿಸ್ಕಿಟ್ ಕತ್ತು ಉದ್ದಕ್ಕೆ ಚಾಚಿ, ತಲೆ ತಗ್ಗಿಸಿ ಕೆಮ್ಮುತ್ತಿದ್ದ. ಎರಡೂ ಮೂಗಿನ ಹೊಳ್ಳೆಗಳಿಂದ ಜೊಲ್ಲು, ಅದರಲ್ಲಿ ಮೇವಿನ ಚೂರು ಸುರಿಯುತ್ತಿತ್ತು. ಕುದುರೆಗೆ ವಾಂತಿ ಮಾಡುವುದು ಗೊತ್ತಿಲ್ಲ. ಅನ್ನನಾಳದಲ್ಲಿ ಏನಾದರೂ ಕಟ್ಟಿಕೊಂಡರೆ ಹೀಗೆ ಮೂಗಿನಲ್ಲಿ ಬರುತ್ತದೆ. ನೋಡಿದವರಿಗೆ ಜೀವ ಹೋಗುತ್ತಿದೆ ಎನ್ನಿಸುತ್ತದೆ. ಸಾಮಾನ್ಯವಾಗಿ ಹೋಗುವುದಿಲ್ಲ. ಆದರೆ ಮುದಿ ಕುದುರೆ. ಆ ಜೊಲ್ಲು ಶ್ವಾಸಕೋಶಕ್ಕೆ ಇಳಿದರೆ ಕಷ್ಟ.

ಮಂಪರು ಬರುವ ಸೂಜಿ ಚುಚ್ಚಿ, ಅವನ ತಲೆ ಕೆಳಗೆ ಜೋತುಬಿದ್ದ ಮೇಲೆ ಮೂಗಿನಿಂದ ಟ್ಯೂಬು ಇಳಿಸಿದೆ. ನಿಧಾನಕ್ಕೆ ನೀರು ಬಿಡುವುದು, ಹೊರಗೆ ಹರಿಸುವುದು, ಮತ್ತೆ ಬಿಡುವುದು. ಅವಸರ ಮಾಡಿದರೆ ಅನ್ನನಾಳವೇ ಹರಿದುಹೋಗುತ್ತದೆ. ಮೇಧಾ ಅವನ ಹಣೆಯ ಮೇಲೆ ಕೈಯಿಟ್ಟು ನಿಂತಿದ್ದಳು. ರೂತ್ ಬಕೆಟ್ಟು ಬಕೆಟ್ಟು ನೀರು ತರುತ್ತಿದ್ದಳು. ಬಹಳ ಹೊತ್ತು ಬರೀ ನೊರೆ ಬಂತು. ಆಮೇಲೆ ನನ್ನ ಬೂಟಿನ ಮೇಲೆ ಕೆಂಪಗೆ, ಚಪ್ಪಟೆಯಾಗಿ, ಉಬ್ಬಿದ ಕಾಳುಗಳು ಬಂದು ಬಿದ್ದವು.

ರೂತ್ ಬಗ್ಗಿ ಒಂದನ್ನು ಎತ್ತಿಕೊಂಡು ಬೆರಳಿನಲ್ಲಿ ಹಿಚುಕಿದಳು. "ಇದೇನು? ಇಂಥದ್ದು ನನ್ನ ಹತ್ತಿರ ಇಲ್ಲವೇ ಇಲ್ಲ" ಎಂದಳು.

ಅವಳಿಗೆ ಗೊತ್ತಿರಲಿಲ್ಲ. ಆ ಕ್ಯಾಂಪಿನಲ್ಲಿ ಅದು ಏನೆಂದು ಗೊತ್ತಿದ್ದವರು ನಾವು ನಾಲ್ಕೇ ಮಂದಿ. ಹುರಳಿ. ಗದಗಿನಲ್ಲಾಗಲಿ ಮೈಸೂರಿನಲ್ಲಾಗಲಿ ಕುದುರೆ ಏನು ತಿನ್ನುತ್ತದೆ ಎಂದು ಎಂಥ ಸಣ್ಣ ಮಗುವನ್ನು ಕೇಳಿದರೂ ಹುರಳಿ ಎನ್ನುತ್ತದೆ. ನಾನು ತಲೆಯೆತ್ತಿ ಸುತ್ತ ನೋಡಿದೆ. ಹ್ಯಾಂಕ್ ಹೇಳಿದಂತೆಯೇ, ಎಲ್ಲರಿಗಿಂತ ದೂರ, ಒಂದು ಓಕ್ ಮರದ ಕೆಳಗೆ, ನಾಗರಾಜ್ ಖಾಲಿ ಕಾಫಿ ಲೋಟ ಹಿಡಿದು ನಿಂತಿದ್ದರು.

ನನಗೆ ಆ ಕ್ಷಣ ಬೇಕಾಗಿದ್ದದ್ದು ಒಂದೇ. ಎಷ್ಟು ತಿಂದಿದೆ? ಗಂಟಲಿನದು ಹೊರಬಂತು. ಅದಕ್ಕೆ ಮೊದಲು ಹೊಟ್ಟೆಗೆ ಇಳಿದದ್ದು ಎಷ್ಟು? ಒಣ ಹುರಳಿ ಹೊಟ್ಟೆಯಲ್ಲಿ ನೆನೆದು ಉಬ್ಬುತ್ತದೆ. ಒಂದು ಹಿಡಿಯಾದರೆ ಚಿಂತೆಯಿಲ್ಲ. ಸೇರುಗಟ್ಟಲೆ ಆದರೆ ಗಂಟಲು ಬಿಡಿಸಿದ್ದು ಸುಮ್ಮನೆ ದಂಡ. ನಾನು ದನಿಯನ್ನು ಆದಷ್ಟು ತಣ್ಣಗಿಟ್ಟುಕೊಂಡು ಕನ್ನಡದಲ್ಲಿ ಕೇಳಿದೆ.

"ನಾಗರಾಜರ, ಹುರಳಿ ಎಷ್ಟ ಹಾಕೀರಿ?"

ಅವರು ಹತ್ತಿರ ಬಂದರು. "ಡಾಕ್ಟ್ರೇ, ಕಾಡಿನ ಬೀಜ ಏನೋ ತಿಂದಿದೆ ಅಂತ ಹೇಳ್ಬಿಡಿ. ಪ್ಲೀಸ್. ನಮ್ಮದು ಗ್ರೀನ್ ಕಾರ್ಡ್ ಪ್ರೋಸೆಸ್ ನಡೀತಾ ಇದೆ. ಇವ್ರು ಕೋರ್ಟಲ್ಲಿ ಸೂ ಮಾಡಿದ್ರೆ ನಾನೇನ್ ಮಾಡ್ಲಿ?"

"ನಾ ಸುಳ್ಳ ಹೇಳೂದಿಲ್ಲ. ನಿಮ್ಮ ಹೆಸರೂ ಹೇಳೂದಿಲ್ಲ. ಎಷ್ಟ ಹಾಕೀರಿ ಅದನ್ನ ಹೇಳ್ರಿ. ಔಷಧ ಎಷ್ಟ ಕೊಡಬೇಕು ನನಗ ಗೊತ್ತಾಗಬೇಕಲ್ಲ."

"ಒಂದು ಪಾಕೀಟು ತಂದಿದ್ದೆ. ನಾಲ್ಕು ಪೌಂಡಿಂದು. ಪೂರ್ತಿ ಬಕೆಟ್ಟಿಗೆ ಸುರಿದೆ." ಅವರು ಮಗಳ ಕಡೆ ನೋಡಿದರು. "ಮೇಧೂಗೆ ಅವ್ರು ಇಷ್ಟೆಲ್ಲ ಕಲಿಸಿದಾರೆ, ಒಂದು ರೂಪಾಯಿ ಮುಟ್ಟಿಲ್ಲ. ಕುದುರೆಗೆ ಅಂತ ಏನಾದ್ರೂ ತರದೇ ಬರೀ ಕೈಯಲ್ಲಿ ಹೇಗ್ ಬರೋದು ಅಂತ. ಮೈಸೂರಲ್ಲಿ ಟಾಂಗಾ ಕುದುರೆ ಮುಖಕ್ಕೆ ಚೀಲ ಕಟ್ಟಿ ಹುರಳಿ ಹಾಕೋದನ್ನ ದಿನಾ ನೋಡ್ತಿದ್ದೆ ಡಾಕ್ಟ್ರೇ."

ನೋಡಿದ್ದು ನಿಜ. ಆದರೆ ಅವರು ನೋಡಿದ್ದು ಚೀಲದ ಹೊರಗನ್ನು. ಟಾಂಗಾದವನು ಅದನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಬೇಯಿಸಿ, ಆರಿಸಿ ತಂದಿರುತ್ತಿದ್ದ. ಅದು ಶಾಲೆಗೆ ಹೋಗುವ ಹುಡುಗನಿಗೆ ಕಾಣುವ ಸಂಗತಿಯಲ್ಲ. ನನಗೆ ಬೈಯಬೇಕೆಂದು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಈ ಮನುಷ್ಯ ರೂತ್ ಹಾಕಿದ ಕಟ್ಟಳೆಯ ಸುದ್ದಿಯೇ ತಿಳಿಯದೆ, ಯಾರೂ ಇಲ್ಲದಾಗ ಬಕೆಟ್ಟಿಗೆ ಕಾಳು ಸುರಿದು, ಕುದುರೆಯ ಹತ್ತಿರ ಹೋಗಲು ಹೆದರಿ ಬಕೆಟ್ಟನ್ನು ಕಾಲಿನಿಂದ ತಳ್ಳಿ, ದೂರದಿಂದ ಅದು ತಿನ್ನುವುದನ್ನು ನೋಡಿ ಸಂತೋಷಪಟ್ಟಿದ್ದರು ಎಂದು ಆಮೇಲೆ ಉಮಾ ಹೇಳಿದರು.

ನಮ್ಮ ಮಾತು ರೂತ್‌ಗೆ ಅರ್ಥವಾಗುತ್ತಿರಲಿಲ್ಲ. ಅವಳು ಅಂಗೈಯಲ್ಲಿ ಕಾಳು ಹಿಡಿದು ಮೇಧಾಳ ಕಡೆ ತಿರುಗಿದಳು. ಬೈಯುವ ದನಿಯಾಗಿದ್ದರೆ ವಾಸಿಯಿತ್ತು. ತೀರಾ ಮೆಲ್ಲಗೆ ಕೇಳಿದಳು.

"ಮೇಧಾ, ನಾನು ನಿನಗೆ ಒಂದೇ ಮಾತು ಹೇಳಿದ್ದೆ ಅಲ್ಲವಾ?"

ಮೇಧಾಗೆ ಕನ್ನಡ ಮಾತಾಡುವುದು ಕಷ್ಟ, ಕೇಳಿದರೆ ಪೂರ್ತಿ ತಿಳಿಯುತ್ತದೆ. ಅವಳು ನಮ್ಮ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿದ್ದಳು. ಅಪ್ಪನ ಮುಖ ನೋಡಿದಳು. ನಾಗರಾಜ್ ನೆಲ ನೋಡುತ್ತಿದ್ದರು. ಅವಳು ಬಿಸ್ಕಿಟ್‌ನ ಹಣೆಯಿಂದ ಕೈ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು, "ಸಾರಿ, ರೂತ್" ಎಂದಳು. ಕಣ್ಣೀರು ಗಲ್ಲದಿಂದ ಇಳಿದು ಗದ್ದಕ್ಕೆ ಬಂದರೂ ಒರೆಸಿಕೊಳ್ಳಲಿಲ್ಲ.

ನನ್ನ ಕೈಯಲ್ಲಿ ಟ್ಯೂಬು. ಬಾಯಲ್ಲಿ ಆಗಲೇ ಕೊಟ್ಟ ಮಾತು. ಆ ಮಾತು ಯಾಕಾದರೂ ಕೊಟ್ಟೆನೋ ಎನ್ನಿಸಿತು. ಮಗುವಿಗೆ ಆ ಕುದುರೆ ಬಿಟ್ಟರೆ ಆ ಊರಿನಲ್ಲಿ ಬೇರೆ ಯಾರಿದ್ದರು? ಆದರೂ ಅವಳು ಅದನ್ನು ಬಿಟ್ಟುಕೊಟ್ಟು ನಿಂತಿದ್ದಳು.

ಆಗ ನಾಗರಾಜ್ ಕಾಫಿ ಲೋಟವನ್ನು ನೆಲದ ಮೇಲಿಟ್ಟರು. ರೂತ್ ಮುಂದೆ ಬಂದು ನಿಂತು ಇಂಗ್ಲಿಷಿನಲ್ಲಿ ಹೇಳಿದರು. "ಅವಳಲ್ಲ. ಅವಳಿಗೆ ಗೊತ್ತೇ ಇಲ್ಲ. ಹಾಕಿದ್ದು ನಾನು. ನಾಲ್ಕು ಪೌಂಡು. ನಮ್ಮೂರಿನಲ್ಲಿ ಅದು ಕುದುರೆಯ ಊಟ." ದಿನವಿಡೀ ಆಫೀಸಿನಲ್ಲಿ ಇಂಗ್ಲಿಷ್ ಮಾತಾಡುವ ಮನುಷ್ಯನಿಗೆ ಅಷ್ಟು ಹೇಳುವುದಕ್ಕೆ ಉಸಿರು ಸಾಲಲಿಲ್ಲ.

ರೂತ್ ಅಂಗೈಯಲ್ಲಿದ್ದ ಕಾಳನ್ನು ಬಕೆಟ್ಟಿಗೆ ಹಾಕಿದಳು. ಆಮೇಲೆ ಮೇಧಾಳ ಹತ್ತಿರ ಹೋಗಿ ಅವಳ ಕೈ ಹಿಡಿದು ತಂದು, ಮತ್ತೆ ಬಿಸ್ಕಿಟ್‌ನ ಹಣೆಯ ಮೇಲಿಟ್ಟಳು. ನಾಗರಾಜರಿಗೆ, "ಅವನು ಉಳಿಯಲಿ, ಆಮೇಲೆ ನಿನ್ನ ಹತ್ತಿರ ಮಾತಾಡುತ್ತೇನೆ" ಎಂದಳು. ಅಷ್ಟೇ.

ಬಕೆಟ್ಟಿನಲ್ಲಿ ಉಳಿದದ್ದನ್ನೂ ಹೊರಗೆ ಬಂದದ್ದನ್ನೂ ನೋಡಿದರೆ ಹೆಚ್ಚುಕಡಿಮೆ ಅರ್ಧ ಪಾಕೀಟು ಹೊಟ್ಟೆ ಸೇರಿತ್ತು. ಟ್ಯೂಬಿನಲ್ಲೇ ಎಣ್ಣೆ ಇಳಿಸಿದೆ, ಶ್ವಾಸಕೋಶಕ್ಕೆಂದು ಔಷಧಿ ಕೊಟ್ಟೆ. ಉಳಿದದ್ದು ಎರಡೇ: ಅವನು ನೀರು ಕುಡಿಯಬೇಕು, ಲದ್ದಿ ಹಾಕಬೇಕು. ಆ ಲದ್ದಿಯಲ್ಲಿ ಹುರಳಿ ಹೊರಗೆ ಬರಬೇಕು. ಅದು ಬರುವುದಕ್ಕೆ ಒಂದೆರಡು ದಿನ ಬೇಕು ಎಂದು ಹೇಳಿದೆ. ಹೊಸಬರು ತಿಳಿದಿರಲಿ, ನಮ್ಮ ವೃತ್ತಿಯಲ್ಲಿ ದೊಡ್ಡ ದೊಡ್ಡ ವಿದ್ಯೆಯೆಲ್ಲ ಮುಗಿದ ಮೇಲೆ ಕೊನೆಗೆ ಲದ್ದಿಗಾಗಿ ಕಾಯುತ್ತ ಕೂರುವುದೇ ಇರುತ್ತದೆ.

ಭಾನುವಾರ ನಾನು ಮತ್ತೆ ಹೋದಾಗ ನಾಗರಾಜ್ ಬೆಲ್ಲ ಕರಗಿಸಿದ ನೀರಿನ ಬಕೆಟ್ಟು ಹೊತ್ತು ನಿಂತಿದ್ದರು. ಬೆಳಿಗ್ಗೆಯಿಂದ ನೀರು ಹೊರುವುದು ಅವರದೇ ಕೆಲಸವಾಗಿತ್ತಂತೆ. ತಂದು ಹಗ್ಗದಿಂದ ದೂರಕ್ಕೆ ಇಡುತ್ತಿದ್ದರು, ಮೇಧಾ ಅಲ್ಲಿಂದ ಎತ್ತಿ ಬಿಸ್ಕಿಟ್‌ನ ಮುಂದೆ ಹಿಡಿಯುತ್ತಿದ್ದಳು. ಮಧ್ಯಾಹ್ನದವರೆಗೆ ಅವನು ತುಟಿ ಒದ್ದೆ ಮಾಡಿಕೊಂಡದ್ದೇ ಬಂತು. ಆಮೇಲೆ ಒಮ್ಮೆ ಮೂತಿ ಪೂರ್ತಿ ಮುಳುಗಿಸಿ ಗಟಗಟ ಕುಡಿದ. ಮೇಧಾ ಸದ್ದು ಮಾಡದೆ ಅಪ್ಪನ ಕಡೆ ತಿರುಗಿ ಹೆಬ್ಬೆರಳು ಎತ್ತಿದಳು. ಸಂಜೆ ಸಣ್ಣಗೆ ಲದ್ದಿಯೂ ಬಿತ್ತು. ಆದರೆ ಅದರಲ್ಲಿ ಎಣ್ಣೆಯೂ ಇರಲಿಲ್ಲ, ಹುರಳಿಯೂ ಇರಲಿಲ್ಲ. ಕ್ಯಾಂಪಿನ ಉಳಿದವರು ಟ್ರೇಲರು ಕಟ್ಟಿಕೊಂಡು ಊರಿಗೆ ಹೋದರು. ರೂತ್ ಹೋಗಲಿಲ್ಲ. ನಾಗರಾಜರೂ ಹೋಗಲಿಲ್ಲ. ಪಾರ್ಕಿನ ಫೋನಿನಿಂದ ಆಫೀಸಿಗೆ ಸೋಮವಾರ ಬರುವುದಿಲ್ಲ ಎಂದು ಹೇಳಿಟ್ಟರು. ಯಾಕೆಂದು ಕೇಳಿದಾಗ, "ಫ್ಯಾಮಿಲಿಯಲ್ಲಿ ಒಬ್ಬರಿಗೆ ಹುಷಾರಿಲ್ಲ" ಎಂದರಂತೆ.

ನಾಗರಾಜರ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅವರು ಮಡಿ ಮೈಲಿಗೆಯವರಲ್ಲ, ಆದರೆ ಅತಿ ಶುಚಿಯ ಮನುಷ್ಯ. ಕ್ಯಾಂಪಿಗೂ ಇಸ್ತ್ರಿ ಮಾಡಿದ ಪ್ಯಾಂಟು. ಜೇಬಿನಲ್ಲಿ ಕೈ ಒರೆಸುವ ಒದ್ದೆ ಕಾಗದದ ಪೊಟ್ಟಣ. ಲದ್ದಿ ಬಿದ್ದ ಜಾಗವನ್ನು ಅವರು ಸುತ್ತಿ ಬಳಸಿ ದಾಟುವುದನ್ನು ನೋಡಿ ನಾನೇ ನಕ್ಕಿದ್ದೆ.

ಸೋಮವಾರ ಬೆಳಿಗ್ಗೆ ಕೆರೆಯ ಮೇಲೆ ಮಂಜಿತ್ತು. ನಾನು ಟ್ರಕ್ಕು ನಿಲ್ಲಿಸಿ ಇಳಿಯುವಾಗಲೇ ಬಿಸ್ಕಿಟ್ ಬಾಲ ಎತ್ತಿದ. ಒಳ್ಳೆಯ, ದೊಡ್ಡ, ಬಿಸಿ ಲದ್ದಿ ಗುಪ್ಪೆಯಾಗಿ ಬಿತ್ತು. ನಾನು ಚೀಲದಲ್ಲಿ ಕೈಗವಸು ಹುಡುಕುತ್ತಿದ್ದೆ. ನಾಗರಾಜ್ ಕಾಯಲಿಲ್ಲ. ಆ ಇಸ್ತ್ರಿ ಪ್ಯಾಂಟಿನಲ್ಲೇ ಮಂಡಿಯೂರಿ ಕೂತು, ಬರಿಗೈಯಲ್ಲಿ ಲದ್ದಿಯ ಉಂಡೆಗಳನ್ನು ಒಂದೊಂದಾಗಿ ಒಡೆದರು. ಮೊದಲನೆಯದರಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ಅಂಗೈಗೆ ಎಣ್ಣೆ ಹತ್ತಿತು. ಮೂರನೆಯದನ್ನು ಒಡೆದು ಅವರು ಹಾಗೇ ಕೂತುಬಿಟ್ಟರು. ಆಮೇಲೆ ಅಂಗೈಯನ್ನು ನನ್ನ ಕಡೆ ಚಾಚಿದರು. ಸವೆದ ಹಲ್ಲಿಗೆ ಸಿಗದೆ ಇಡಿಯಾಗಿ ಉಳಿದ ಹುರಳಿ, ಕೆಂಪಗೆ.

"ಬಂತು ಡಾಕ್ಟ್ರೇ," ಎಂದರು. "ಬರ್ತಾ ಇದೆ." ಅಷ್ಟು ಹೇಳಿ ಅಳತೊಡಗಿದರು. ಮೂಗು ಒರೆಸಿಕೊಳ್ಳಲು ಕೈಯಿರಲಿಲ್ಲ. ಉಮಾ ಬಂದು ಸೆರಗಿನಿಂದ ಒರೆಸಿದರು. ನಾನು ಮುಖ ತಿರುಗಿಸಿ ಬಿಸ್ಕಿಟ್‌ನ ಹೊಟ್ಟೆಗೆ ಕಿವಿಗೊಟ್ಟು ನಿಂತೆ. ಒಳಗೆ ಕರುಳು ಚೆನ್ನಾಗಿ ಗುಡುಗುಡು ಎನ್ನುತ್ತಿತ್ತು. "ಇನ್ನು ಭಯ ಇಲ್ಲ" ಎಂದು ರೂತ್‌ಗೆ ಹೇಳಿದೆ.

ರೂತ್ ಕುದುರೆಯ ಹಗ್ಗ ಬಿಚ್ಚಿ ಹಿಡಿದುಕೊಂಡು ಬಂದಳು. ಮೇಧಾ ಅಭ್ಯಾಸದಂತೆ ಕೈ ಚಾಚಿದಳು. ರೂತ್ ಅವಳನ್ನು ದಾಟಿ ಬಂದು ನಾಗರಾಜರ ಮುಂದೆ ನಿಂತಳು.

"ಮುಂದಿನ ಸಲ ಬೇಯಿಸಿ ತಾ. ನನ್ನನ್ನು ಕೇಳಿ ಕೊಡು," ಎಂದಳು. "ಈಗ ಇವನನ್ನು ಸ್ವಲ್ಪ ನಡೆಸಿಕೊಂಡು ಬಾ."

"ಕೈ ತೊಳೆದು ಬರುತ್ತೇನೆ" ಎಂದು ಅವರು ಏಳಲು ಹೋದರು.

"ಹಗ್ಗಕ್ಕೆ ಏನೂ ಆಗುವುದಿಲ್ಲ" ಎಂದು ಅವಳು ಅದನ್ನು ಆ ಕೈಯಲ್ಲೇ ಇಟ್ಟಳು.

ಹಿಂದಿನ ದಿನವಿಡೀ ನೀರು ಹೊತ್ತರೂ ಆ ಮನುಷ್ಯ ಬಿಸ್ಕಿಟ್‌ನನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಹಗ್ಗವನ್ನು ತುದಿಯಲ್ಲಿ ಹಿಡಿದು, ಆದಷ್ಟು ದೂರ, ಕುದುರೆಯ ಮುಂದೆ ಮುಂದೆ ಹೊರಟರು. ಬಿಸ್ಕಿಟ್ ಒಂದು ಹೆಜ್ಜೆ ಇಟ್ಟು ನಿಂತ. ಅವರು ಎಳೆದರು. ಅವನು ಕದಲಲಿಲ್ಲ. ಮೇಧಾ ಓಡಿ ಹೋಗಿ ಅಪ್ಪನ ಮೊಣಕೈ ಹಿಡಿದು ಕುದುರೆಯ ಎಡಭುಜದ ಪಕ್ಕಕ್ಕೆ ತಂದು ನಿಲ್ಲಿಸಿದಳು. ನಾನು ಅವಳ ಬಾಯಲ್ಲಿ ಅಷ್ಟುದ್ದ ಕನ್ನಡ ಕೇಳಿದ್ದು ಅದೇ ಮೊದಲು.

"ಅಪ್ಪಾ, ಮುಂದೆ ಹೋಗ್ಬೇಡ. ಇಲ್ಲಿ ನಿಂತ್ಕೋ, ಹತ್ರ. ಅವನು ನಿನ್ನ ನೋಡ್ಬೇಕು, ಆಮೇಲೆ ಬರ್ತಾನೆ."

ಅವರು ಹತ್ತಿರ ನಿಂತರು. ಬಿಸ್ಕಿಟ್ ಕತ್ತು ತಿರುಗಿಸಿ ಅವರನ್ನು ನೋಡಿದ, ಆ ಕೈಯನ್ನು ಮೂಸಿದ, ಮತ್ತೆ ಹೊರಟ.